ಅಘುಲ್ ವ್ಯಾಕರಣವನ್ನು ಕನ್ನಡಿಗರು ಓದತೊಡಗುವ ಬಗೆ

ಅಘುಲ್, ರಷ್ಯಾದ ದಕ್ಷಿಣ ದಾಗೆಸ್ತಾನಿನ ಬೆಟ್ಟದೂರುಗಳ ಭಾಷೆ. 2010ರ ಜನಗಣತಿಯಂತೆ ಅದನ್ನು ಬಲ್ಲವರು ಸುಮಾರು 29 ಸಾವಿರ. ಲೆಜ್ಗಿನ್ ಮತ್ತು ತಬಸರಾನ್ ಅದರ ಸಮೀಪದ ಬಂಧುಗಳು. ವ್ಯಾಕರಣಗಳಲ್ಲಿ ಅದರ ವಿಭಕ್ತಿಗಳ ಎಣಿಕೆ ಇಪ್ಪತ್ತನ್ನು ದಾಟುವುದನ್ನು ಕಂಡು ಹಿಂಜರಿಯಬೇಕಾಗಿಲ್ಲ.

ಮೊದಲು ಪರಿಚಿತವಾದುದನ್ನು ಹಿಡಿಯಿರಿ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ನನಗೆ ಗೊತ್ತು’, ‘ನನಗೆ ಕಾಣುತ್ತದೆ’ ಎಂದು ನಾವು ಹೇಳುವಂತೆಯೇ ಅಲ್ಲಿಯೂ ಅರಿಯುವವರು, ಕಾಣುವವರು ಚತುರ್ಥಿಯಲ್ಲಿ ನಿಲ್ಲುತ್ತಾರೆ.

ಆಮೇಲೆ ಸ್ಥಳವಾಚಕ ವಿಭಕ್ತಿಗಳಿಗೆ ಬನ್ನಿ. ನಿಜವಾದ ಸೊಗಸು ಇರುವುದು ಇಲ್ಲಿ. ಇವುಗಳನ್ನು ಉದ್ದನೆಯ ಪಟ್ಟಿಯಾಗಿ ಬಾಯಿಪಾಠ ಮಾಡದೆ, ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರಗಳೆಂದು ಓದಿರಿ. ಮೇಲೆ, ಒಳಗೆ, ಕೆಳಗೆ, ಹಿಂದೆ, ಮುಂದೆ, ಬಳಿ ಎಂಬವುಗಳಲ್ಲಿ ಯಾವ ಎಡೆ ಎಂಬುದು ಮೊದಲನೆಯದು. ಅಲ್ಲಿಯೇ ಇರುವುದೋ, ಅಲ್ಲಿಗೆ ಹೋಗುವುದೋ, ಅಲ್ಲಿಂದ ಬರುವುದೋ ಎಂಬುದು ಎರಡನೆಯದು. ‘ಲ್’ ಎಂದರೆ ಮೇಲೆ. ಅದಕ್ಕೆ ‘ದಿ’ ಸೇರಿದರೆ ಮೇಲಕ್ಕೆ, ‘ಅಸ್’ ಸೇರಿದರೆ ಮೇಲಿನಿಂದ. ಉಳಿದ ಎಡೆಗಳಿಗೂ ಇದೇ ಕ್ರಮವಿರುವುದರಿಂದ ಒಂದು ಸಾಲನ್ನು ಕಲಿತವರಿಗೆ ಮಿಕ್ಕ ಸಾಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಇದೇ ವಿಂಗಡಣೆ ಕ್ರಿಯಾಪದಗಳಲ್ಲಿಯೂ ಹಬ್ಬಿದೆ: ನಮ್ಮ ‘ಇದೆ’ ಎಂಬ ಒಂದು ಮಾತಿನ ಜಾಗದಲ್ಲಿ ಮೇಲಿರುವುದಕ್ಕೆ ‘ಅಲೆಆ’, ಬಳಿಯಿರುವುದಕ್ಕೆ ‘ಫಾ’ ಎಂಬ ಬೇರೆ ಬೇರೆ ರೂಪಗಳಿವೆ.

ಹೆಚ್ಚು ತಾಳ್ಮೆ ಬೇಡುವುದು ಕರ್ತೃವಿನ ವಿಭಕ್ತಿ. ಸಕರ್ಮಕ ಕ್ರಿಯೆಯನ್ನು ಮಾಡಿದವನ ಹೆಸರು ಪ್ರತ್ಯಯ ಪಡೆಯುತ್ತದೆ. ಕ್ರಿಯೆಗೆ ಒಳಗಾದುದು, ‘ಹುಡುಗ ಬಂದನು’ ಎಂಬಂಥ ವಾಕ್ಯದ ಕರ್ತೃವಿನಂತೆಯೇ, ಪ್ರತ್ಯಯವಿಲ್ಲದೆ ಇರುತ್ತದೆ. ಆ ಪ್ರತ್ಯಯಸಹಿತ ರೂಪವೇ ಇತರ ವಿಭಕ್ತಿಗಳಿಗೂ ಅಡಿಪಾಯವಾದ್ದರಿಂದ, ಪ್ರತಿ ನಾಮಪದದ ಎರಡೂ ರೂಪಗಳನ್ನು ಒಟ್ಟಿಗೆ ಬರೆದಿಟ್ಟುಕೊಳ್ಳಿ. ಅಭ್ಯಾಸಕ್ಕೆ ‘ನಾನು’, ‘ನೀನು’ ಇರುವ ವಾಕ್ಯಗಳನ್ನು ಮಾತ್ರ ಆರಿಸಬೇಡಿ, ಏಕೆಂದರೆ ‘ಜುನ್’, ಅಂದರೆ ನಾನು, ಎರಡೂ ಕಡೆ ಒಂದೇ ರೂಪದಲ್ಲಿರುವುದರಿಂದ ಈ ಭೇದ ಅಲ್ಲಿ ಕಾಣಿಸುವುದೇ ಇಲ್ಲ. ‘ನಾವು’ ಎಂಬುದಕ್ಕೆ ಮಾತ್ರ ಕೇಳುಗರನ್ನು ಸೇರಿಸಿಕೊಂಡ ಮತ್ತು ಹೊರಗಿಟ್ಟ ಎರಡು ಪದಗಳಿವೆ. ‘ನಮ’, ‘ಎಂಕುಳು’ ಎನ್ನುವ ತುಳುವರಿಗೆ ಇದು ಸಹಜವೆನಿಸೀತು.

1990ರ ಸುಮಾರಿಗೆ ರೂಪುಗೊಂಡ ಬರಹ ಸಿರಿಲಿಕ್ ಲಿಪಿಯಲ್ಲಿದೆ. ಅದರಲ್ಲಿ ಅಕ್ಷರದ ಪಕ್ಕ ಕಾಣುವ ಕಡ್ಡಿಯಂಥ ಗುರುತನ್ನು ಮಹಾಪ್ರಾಣವೆಂದು ಓದಬೇಡಿ. ಕ, ತ, ಪ ಮೊದಲಾದವುಗಳ ಬಳಿ ಅದು ಗಂಟಲನ್ನು ಮುಚ್ಚಿಕೊಂಡು ಸಿಡಿಸುವ ಧ್ವನಿಯನ್ನು ಸೂಚಿಸುತ್ತದೆ. ಗಂಟಲಾಳದ ಧ್ವನಿಗಳನ್ನು, ಅದರಲ್ಲೂ ಬುರ್ಕಿಖಾನ್ ಊರಿನ ಸೂಕ್ಷ್ಮ ಭೇದಗಳನ್ನು, ಧ್ವನಿಮುದ್ರಣ ಕೇಳಿಯೇ ಕಲಿಯಬೇಕು. ಊರಿಂದೂರಿಗೆ ಮಾತು ಬದಲಾಗುತ್ತದೆ. ಬುರ್ಶಾಗ್ ಕಡೆಯ ಕೊಶಾನ್ ಉಪಭಾಷೆಯಂತೂ ಉಳಿದವುಗಳಿಂದ ಬಹಳ ದೂರ ಸರಿದಿದೆ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಪದದ ಮುಂದೆ ಅದು ಯಾವ ಊರಿನದೆಂದು ಬರೆಯಿರಿ.