ಹೋಗಿದೆ ಅಂದ ಬ್ಯಾಟರಿಯನ್ನು ಮನೆಯಲ್ಲೇ ಪರೀಕ್ಷಿಸಿ ಉಳಿಸಿಕೊಂಡೆ

ನನ್ನ ಕಾರಿನಲ್ಲಿ ಈಗಲೂ ಅದೇ ಹಳೇ ಬ್ಯಾಟರಿ ಇದೆ. "ಮೂರು ವರ್ಷ ದಾಟಿದೆ, ಹೋಗಿದೆ, ಹೊಸದು ಹಾಕಿ" ಎಂದು ಗ್ಯಾರೇಜಿನಲ್ಲಿ ಹೇಳಿ ಹೆಚ್ಚುಕಮ್ಮಿ ಒಂದು ವರ್ಷ ಆಯಿತು. "ಮೀಟರ್ ಹಿಡ್ಕೊಂಡು ನೀನೇನು ಕಂಡುಹಿಡೀತೀಯ?" ಎಂದು ಅವತ್ತು ಕೇಳಿದ ಗೆಳೆಯರು ಈಗ ತಮ್ಮ ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ನನಗೇ ಫೋನ್ ಮಾಡುತ್ತಾರೆ.

ತೊಂದರೆ ಎಲ್ಲರಿಗೂ ಗೊತ್ತಿರುವಂಥದ್ದೇ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಟಕ್ ಟಕ್ ಸದ್ದು, ಅಷ್ಟೇ. ರಾತ್ರಿಯಿಡೀ ಚಾರ್ಜ್ ಮಾಡಿದರೆ ಎರಡು ಮೂರು ದಿನ ಓಡುತ್ತಿತ್ತು, ಮತ್ತೆ ಅದೇ ಗೋಳು.

ಚಾರ್ಜರ್ ತೆಗೆದ ತಕ್ಷಣ ಮೀಟರ್ (ಮಲ್ಟಿಮೀಟರ್) 13 ವೋಲ್ಟ್ ಮೇಲೆ ತೋರಿಸುತ್ತದೆ. ಅದನ್ನು ನಂಬಬಾರದು. ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದೆ. 12.6ರ ಹತ್ತಿರ ಇತ್ತು. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ, ಬ್ಯಾಟರಿಯೊಳಗಿನ ಆರು ಸೆಲ್‌ಗಳಲ್ಲಿ (ಖಾನೆಗಳಲ್ಲಿ) ಐದು 1.260ರ ಆಸುಪಾಸು, ಒಂದು ಮಾತ್ರ 1.235. ಸೆಲ್‌ಗಳ ನಡುವೆ 0.050ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆಸೆ ಬಿಡಬೇಕು. ಇದು ಅಷ್ಟಿರಲಿಲ್ಲ. ಕಡಿಮೆ ಕರೆಂಟಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿದ ಮೇಲೆ ಆ ಸೆಲ್ ಕೂಡ ಮೇಲೆ ಬಂತು.

ಬ್ಯಾಟರಿ ಚೆನ್ನಾಗಿದ್ದರೆ ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿಲ್ಲ? ಸೆಲ್ಫ್ ಹೊಡೆಯುವಾಗ ಮೀಟರಿನ ಪ್ರೋಬ್ (ಕಡ್ಡಿಯ ತುದಿ) ಎಲ್ಲಿ ಇಡುತ್ತೀರಿ ಅನ್ನುವುದರಲ್ಲೇ ಎಲ್ಲಾ ಇದೆ. ತುಂಬಾ ಜನ ಟರ್ಮಿನಲ್ ಹಿಡಿದಿರುವ ವೈರಿನ ಕ್ಲ್ಯಾಂಪ್ ಮೇಲೆ ಇಡುತ್ತಾರೆ. ನಾನು ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೇ ಒತ್ತಿ ಹಿಡಿದು ತಮ್ಮನಿಗೆ ಕೀ ತಿರುಗಿಸಲು ಹೇಳಿದೆ. ಸೋತ ಬ್ಯಾಟರಿ ಆಗಿದ್ದರೆ 9.6ರ ಕೆಳಗೆ ಬೀಳಬೇಕಿತ್ತು. ಇದು 11ರ ಮೇಲೇ ನಿಂತಿತು. ಅಂದರೆ ಬ್ಯಾಟರಿಯಿಂದ ಕರೆಂಟ್ ಸರಿಯಾಗಿ ಹೊರಗೇ ಹೋಗುತ್ತಿಲ್ಲ! ಒಂದು ಪ್ರೋಬ್ ನೆಗೆಟಿವ್ ಟರ್ಮಿನಲ್ ಮೇಲೆ, ಇನ್ನೊಂದು ಅದರದೇ ಕ್ಲ್ಯಾಂಪ್ ಮೇಲೆ ಇಟ್ಟೆ. ಸೆಲ್ಫ್ ಹೊಡೆದಾಗ ಒಂದೂವರೆ ವೋಲ್ಟ್ ಅಲ್ಲೇ ಕಳೆದುಹೋಗುತ್ತಿತ್ತು. ಅಲ್ಲಿ 0.2 ದಾಟಬಾರದು. ಕ್ಲ್ಯಾಂಪ್ ಹೊರಗಿನಿಂದ ಫಳಫಳ ಅನ್ನುತ್ತಿತ್ತು, ಬಿಚ್ಚಿದರೆ ಒಳಗೆಲ್ಲ ಬಿಳಿ ಪುಡಿ. ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆದು, ಮರಳು ಕಾಗದದಲ್ಲಿ ಉಜ್ಜಿದೆ. ಆಮೇಲೆ ಆ ಜಾಗದಲ್ಲಿ 0.1 ಕೂಡ ಬರಲಿಲ್ಲ. ಕನ್ನಡಕ ಹಾಕಿಕೊಳ್ಳುವುದು, ನೆಗೆಟಿವ್ ಮೊದಲು ಬಿಚ್ಚುವುದು ನಿಮಗೆ ಹೇಳಬೇಕಿಲ್ಲ, ಅಲ್ವಾ.

ಮೀಟರು, ಹೈಡ್ರೋಮೀಟರು ಎರಡೂ ಸೇರಿ ಹೊಸ ಬ್ಯಾಟರಿಯ ಬೆಲೆಯಲ್ಲಿ ಐದನೇ ಒಂದು ಪಾಲೂ ಆಗಲಿಲ್ಲ. ಗ್ಯಾರೇಜಿನ ಮಾತು ಕೇಳಿದ್ದರೆ ಹೊಸ ಬ್ಯಾಟರಿಯೂ ಅದೇ ಕೊಳಕು ಕ್ಲ್ಯಾಂಪಿಗೇ ಸಿಕ್ಕಿಕೊಳ್ಳುತ್ತಿತ್ತು.

ಆದರೂ ನಾಲ್ಕು ದಿನ ನಿಲ್ಲಿಸಿದರೆ ಗಾಡಿ ಮತ್ತೆ ಸೋಮಾರಿ ಆಗುತ್ತಿತ್ತು. ಗಾಡಿ ನಿಂತಿದ್ದಾಗಲೂ ಎಲ್ಲೋ ಕರೆಂಟ್ ಲೀಕೇಜ್ ಇರಬೇಕು ಅನ್ನಿಸಿತು. ನೆಗೆಟಿವ್ ವೈರಿನ ಮಧ್ಯೆ ಮೀಟರ್ ಸೇರಿಸಿ, ಬಾನೆಟ್ ತೆರೆದಿಟ್ಟು, ಅರ್ಧ ಗಂಟೆ ಕಾದೆ. ಕಾರಿನ ಕಂಪ್ಯೂಟರ್‌ಗಳು ಮಲಗುವವರೆಗೆ ಸಿಗುವ ಅಂಕಿಗೆ ಬೆಲೆ ಇಲ್ಲ. 50 ಮಿಲಿಆಂಪ್ ಒಳಗೆ ಇರಬೇಕಾದದ್ದು 300ರ ಸುತ್ತ ನಿಂತಿತು. ದಿನಕ್ಕೆ ಏಳು ಆಂಪ್-ಅವರ್ ಸೋರಿಹೋದ ಹಾಗೆ. 45 ಆಂಪ್-ಅವರ್ ಬ್ಯಾಟರಿ ಮೂರು ದಿನಕ್ಕೆ ಅರ್ಧ ಖಾಲಿ! ಫ್ಯೂಸ್ ಕೀಳಬೇಡಿ, ಮಲಗಿದ್ದ ಕಂಪ್ಯೂಟರ್ ಎದ್ದುಬಿಡಬಹುದು. ಫ್ಯೂಸಿನ ಬೆನ್ನ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ನೋಡಿ. ಎಲ್ಲಿ ಅಂಕಿ ಬರುತ್ತದೋ ಆ ದಾರಿಯಲ್ಲಿ ಕರೆಂಟ್ ಹರಿಯುತ್ತಿದೆ. ನನ್ನದರಲ್ಲಿ ಆಮೇಲೆ ಹಾಕಿಸಿದ ಸ್ಟೀರಿಯೊ ಸಿಕ್ಕಿಬಿತ್ತು. ಕೀ ಹಾಕಿದಾಗ ಮಾತ್ರ ಕರೆಂಟ್ ಸಿಗುವ ಹಾಗೆ ಅದರ ವೈರ್ ಬದಲಿಸಿದೆ, 30ಕ್ಕೆ ಇಳಿಯಿತು. ಮೀಟರ್ ಸೇರಿಸುವಾಗ ಒಂದು ಕ್ಷಣವೂ ಕರೆಂಟ್ ತಪ್ಪದ ಹಾಗೆ ಮಾಡಲು ನನ್ನದೊಂದು ಉಪಾಯ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಹಾಗೇ ಒಂದು ಪ್ರಯೋಗವನ್ನೂ ಮಾಡಿದೆ. ಒಂದು ಪ್ರೋಬ್ ನೆಗೆಟಿವ್‌ಗೆ, ಇನ್ನೊಂದನ್ನು ಬ್ಯಾಟರಿಯ ಮೇಲಿನ ಪ್ಲಾಸ್ಟಿಕ್ ಮೇಲೆ ಎಳೆದೆ. ಕೊಳೆ ಇದ್ದ ಕಡೆ ಒಂದು ವೋಲ್ಟ್ ಹತ್ತಿರ ತೋರಿಸಿತು! ಆಸಿಡ್ ಕುಡಿದ ಧೂಳಿನಲ್ಲೂ ಕರೆಂಟ್ ಹರಿಯುತ್ತದೆ. ಒರೆಸಿದ ಮೇಲೆ ಸೊನ್ನೆ.

ಇನ್ನೊಂದು, ಬಲ್ಬಿನ ಪರೀಕ್ಷೆ. 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಸುಮಾರು ನಾಲ್ಕೂವರೆ ಆಂಪ್ ಎಳೆಯುತ್ತದೆ. ನನ್ನ ಬ್ಯಾಟರಿ ಒಂದು ಗಂಟೆ ಉರಿಸಿದ ಮೇಲೂ, ಬಲ್ಬ್ ಹತ್ತಿರುವಾಗಲೇ, 12.3 ಇತ್ತು. ಗೆಳೆಯರೊಬ್ಬರ ಸೀಲ್ ಮಾಡಿದ ಬ್ಯಾಟರಿ ಹತ್ತು ನಿಮಿಷಕ್ಕೇ 11ರ ಕೆಳಗೆ ಇಳಿಯಿತು. ಚಾರ್ಜ್ ಇದೆಯೋ ಇಲ್ಲವೋ ಎಂದು ತೋರಿಸುವ ಅದರ ಬಣ್ಣದ ಕಣ್ಣು ಆಗಲೂ ಹಸಿರು. ಆ ಕಣ್ಣು ಆರು ಸೆಲ್‌ಗಳಲ್ಲಿ ಒಂದನ್ನು ಮಾತ್ರ ನೋಡುವುದು. ಸೆಲ್ಫ್ ಹೊಡೆದರೆ ಟರ್ಮಿನಲ್ ಮೇಲೇ 8ರ ಸುತ್ತ. ಇದನ್ನು ಬದಲಾಯಿಸಲೇಬೇಕು ಎಂದು ನಾನೇ ಹೇಳಿದೆ. ಹೊಸದು ಹಾಕಿದ ದಿನ ಅವರ ಕಾರಿನ ಲೀಕೇಜನ್ನೂ ಅಳೆದು ಕೊಟ್ಟೆ. 40 ಮಿಲಿಆಂಪ್ ಒಳಗೇ ಇತ್ತು.