ಎಲ್‌ಇಡಿಯಲ್ಲಿ ದೊಂದಿ ಬೆಳಕು: ಡಿಮ್ಮರನ್ನು ಕಣ್ಣಿನ ಲೆಕ್ಕಕ್ಕೆ ತಂದದ್ದು

ಯಕ್ಷಗಾನದಲ್ಲಿ ಬಣ್ಣದ ವೇಷದ ಒಡ್ಡೋಲಗಕ್ಕೆ, ಅಂದರೆ ರಾಕ್ಷಸ ಪಾತ್ರ ಮೊದಲ ಸಲ ರಂಗಕ್ಕೆ ಬರುವುದಕ್ಕೆ, ಎಲ್‌ಇಡಿ ಆಗಿಬರುವುದಿಲ್ಲ ಎಂದು ಮುಂಬಯಿಯಲ್ಲಿ ಆಟಕ್ಕೆ ಬೆಳಕು ಮಾಡುವವರು ಹೇಳುತ್ತಲೇ ಬಂದಿದ್ದರು. "ಹ್ಯಾಲೊಜನ್ ಏರಿದ ಹಾಗೆ ಏರೂದಿಲ್ಲ ಮಾರಾಯ್ರೆ, ಫಕ್ಕನೆ ಹತ್ತಿಬಿಡ್ತದೆ." ಹತ್ತುವುದು ನಿಜ. ಆದರೆ ತಪ್ಪು ದೀಪದ್ದಲ್ಲ, ಡಿಮ್ಮರಿನ ಲೆಕ್ಕದ್ದು. ಮಾಟುಂಗಾದ ಎರಡು ಆಟಗಳಲ್ಲಿ 20 ಸೆಕೆಂಡಿನ ಏರಿಕೆ ಒಂದು ಮೆಟ್ಟಿಲೂ ಕಾಣದಂತೆ ಬಂದಿದೆ. ಈಗ ಅವರೇ ಸರ್ಕ್ಯೂಟ್ ಕೇಳುತ್ತಿದ್ದಾರೆ.

ಮೊದಲು ಹಾಕಿದ್ದು ನೇರ ಏರಿಕೆ: ಡಿಮ್ಮರಿನ ಮಟ್ಟ ಸಮ ಹಂತಗಳಲ್ಲಿ 0ಯಿಂದ 255ಕ್ಕೆ. ಬೆಳಕು ಶೇ. 18ಕ್ಕೆ ಬರುವಾಗಲೇ ಕಣ್ಣಿಗೆ ಅರ್ಧ ಬೆಳಗಿದಂತೆ ಕಾಣುತ್ತದೆ. ಅಂದರೆ ಮೂರೂವರೆ ಸೆಕೆಂಡಿಗೇ ಅರ್ಧ ಕೆಲಸ ಮುಗಿಯಿತು, ಮಿಕ್ಕ ಹದಿನಾರು ಸೆಕೆಂಡು ಚೆಂಡೆ ಬಾರಿಸಿದ್ದೇ ಬಂತು.

ಆಮೇಲೆ 2.2ರ ಘಾತ ಹಾಕಿದೆ, ಅಂದರೆ ಬುಡದಲ್ಲಿ ನಿಧಾನ, ಮೇಲೆ ಹೋದಂತೆ ಚುರುಕಾಗುವ ಏರಿಕೆ. ಅರ್ಧ ಹೊತ್ತಿಗೆ ಬೆಳಕು ಶೇ. 22. ಏರಿಕೆಯ ಮೇಲಿನ ಭಾಗ ಸರಿಹೋಯಿತು, ಬುಡ ಹಾಳಾಯಿತು. 8 ಬಿಟ್ಟಿನಲ್ಲಿ, ಅಂದರೆ 256 ಮಟ್ಟಗಳಲ್ಲಿ, ದಶಾಂಶ ಕತ್ತರಿಸಿದರೆ ಮೊದಲ ಇಪ್ಪತ್ತು ಹಂತ ಪೂರ್ತಿ ಸೊನ್ನೆ. ಆಮೇಲೆ 1, ಆಮೇಲೆ 2. 1ರಿಂದ 2 ಎಂದರೆ ಬೆಳಕು ಒಮ್ಮೆಲೇ ಇಮ್ಮಡಿ. ಕತ್ತಲ ಸಭಾಗೃಹದಲ್ಲಿ ಅದು ಮಿಂಚು ಹೊಡೆದ ಹಾಗೆ ಕಾಣುತ್ತದೆ.

ಹಾಗಾಗಿ ಇಎಸ್‌ಪಿ32ರಲ್ಲಿ (ಪುಟ್ಟ ಕಂಪ್ಯೂಟರ್ ಬೋರ್ಡು) 13 ಬಿಟ್, ಅಂದರೆ 8192 ಮಟ್ಟ; ದೀಪ ಹತ್ತಿ ಆರುವುದು ಸುಮಾರು 9.7 ಕಿಲೋಹರ್ಟ್ಸ್ ವೇಗದಲ್ಲಿ. ಮೊಬೈಲಿನಲ್ಲಿ ಚಿತ್ರೀಕರಿಸುವವರ ಪಟ್ಟೆ ಪಟ್ಟೆಯ ದೂರೂ ಬಹುಮಟ್ಟಿಗೆ ನಿಂತಿತು. ಆದರೆ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ಟಿಗೆ (ಸ್ಟ್ರಿಪ್ಪಿನ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು) ಬೋರ್ಡಿನ 3.3 ವೋಲ್ಟ್ ನೇರ ಕೊಟ್ಟು ಮೂರು ಸುಟ್ಟೆ. ಅಷ್ಟು ವೋಲ್ಟಿಗೆ ಅದು ಪೂರ್ತಿ ತೆರೆಯುವುದೇ ಇಲ್ಲ. ನಡುವೆ ಟಿಸಿ4427 ಡ್ರೈವರ್ ಕೂರಿಸಿ ಗೇಟಿಗೆ, ಅಂದರೆ ಆ ಸ್ವಿಚ್ಚನ್ನು ತೆರೆಯುವ ಕಾಲಿಗೆ, 12 ವೋಲ್ಟ್ ಕೊಟ್ಟ ಮೇಲೆ ಅದೇ ಮಾಸ್‌ಫೆಟ್ ಬರೀ ಉಗುರುಬೆಚ್ಚಗೆ. ಡ್ರೈವರಿಗೆ 24 ವೋಲ್ಟ್ ತಾಗಿಸಬೇಡಿ, ಅದರ ಮಿತಿ 18. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ 4427 ಇಲ್ಲವೆಂದು 4426 ಕೊಟ್ಟರೆ ತರಬೇಡಿ, ಅದು ಉಲ್ಟಾ: ಬೋರ್ಡ್ ಏಳುವಷ್ಟರಲ್ಲಿ ರಂಗವೆಲ್ಲ ಝಗ್ಗೆನ್ನುತ್ತದೆ. ಬೋರ್ಡ್ ಏಳುವ ತನಕ ಇನ್‌ಪುಟ್ ಸೊನ್ನೆಯಲ್ಲೇ ಇರಲು ಡ್ರೈವರಿನ ಇನ್‌ಪುಟ್ಟಿಗೆ 10 ಕೆ ರೆಸಿಸ್ಟರನ್ನು ಗ್ರೌಂಡಿಗೆ ಕಟ್ಟಲೇಬೇಕು.

ಬುಡದ ಶೇ. 2ರಲ್ಲಿ 2.2ರ ಘಾತ ಸಾಲದು. ಅಲ್ಲಿಗೆ ಬೇರೆ ಕೋಷ್ಟಕ ಇದೆ; ಆರು ವಾರ ತಿಂದದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎಲ್‌ಇಡಿ ಸ್ಟ್ರಿಪ್ ಮುಂಬಯಿಯ ಲೋಹಾರ್ ಚಾಳ್ ಪೇಟೆಯದು. 24 ವೋಲ್ಟ್, ಐದು ಮೀಟರಿನ ಒಂದು ರೋಲಿಗೆ 72 ವ್ಯಾಟ್: ಎರಡು ರೋಲ್ ಬೆಚ್ಚನೆ ಬಿಳಿ, ಒಂದು ಅಂಬರ್, ಒಂದು ನೀಲಿ. ಒಟ್ಟು 12 ಆಂಪ್, ಅದಕ್ಕೆ ಕರೆಂಟ್ ಕೊಡಲು 15 ಆಂಪಿನ ಎಸ್‌ಎಂಪಿಎಸ್ (ಪವರ್ ಸಪ್ಲೈ). ಎರಡೂ ತುದಿಯಿಂದ ಕರೆಂಟ್ ಕೊಡದಿದ್ದರೆ ದೂರದ ತುದಿ ಮಂಕು. ಮೊದಲು ತಂದ ನಾನೂರೈವತ್ತು ರೂಪಾಯಿಯ ಬಿಳಿ ರೋಲಿನ ಬೆಳಕಿನಲ್ಲಿ ವೇಷದ ಕೆಂಪು ಬಣ್ಣ ಇಂಗಳೀಕ ಇಟ್ಟಿಗೆ ಪುಡಿಯಂತೆ ಕಂಡಿತು, ಅರದಾಳದ ಹಳದಿಗೆ ಏನೂ ಆಗಲಿಲ್ಲ. ಕಾರಣ ಆರ್9, ಅಂದರೆ ದೀಪ ಗಾಢ ಕೆಂಪನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ; ಅಗ್ಗದ ಬಿಳಿಯಲ್ಲಿ ಅದು ಸೊನ್ನೆಯ ಆಸುಪಾಸು. ಡಬ್ಬಿಯ ಮೇಲೆ ಬರೆದ ಸಿಆರ್‌ಐ (ಬಣ್ಣ ತೋರಿಸುವುದರ ಸರಾಸರಿ ಅಂಕ) ನಂಬಬೇಡಿ. ಕಾಗದಕ್ಕೆ ಇಂಗಳೀಕ ಬಳಿದುಕೊಂಡು ಹೋಗಿ, ಅಂಗಡಿಯ ದೀಪದ ಕೆಳಗೂ ಬಿಸಿಲಿನಲ್ಲೂ ಹಿಡಿದು ನೋಡಿ. ಒಳ್ಳೆಯ ರೋಲ್ ಆಗ ಸಾವಿರದ ಆರುನೂರರ ಹತ್ತಿರ ಇತ್ತು. ಒಟ್ಟು ಒಂಬತ್ತು ಸಾವಿರ ಆಗಿರಬೇಕು, ಕಸಕ್ಕೆ ಹೋದದ್ದು ಬೇರೆ ನಾಲ್ಕು.

ಹ್ಯಾಲೊಜನ್ ಮಂದವಾದಷ್ಟೂ ಕೆಂಪಾಗುತ್ತದೆ, ಎಲ್‌ಇಡಿ ಆಗುವುದಿಲ್ಲ. ಅದಕ್ಕೇ ಅಂಬರ್: ಮೊದಲ ಆರು ಸೆಕೆಂಡು ಅದೊಂದೇ, ಆಮೇಲೆ ಬಿಳಿ ಮೆಲ್ಲಗೆ ಸೇರುತ್ತದೆ.

ಬೆಳದಿಂಗಳ ದೃಶ್ಯದಲ್ಲಿ ಕೆಂಪು ಕಪ್ಪಾಗುವುದಕ್ಕೆ ಎರಡು ಕಾರಣ, ಎಲ್ಲರೂ ಅವನ್ನು ಕಲಸಿಬಿಡುತ್ತಾರೆ. ಬರೀ ನೀಲಿ ಬೆಳಕಿನಲ್ಲಿ ಕೆಂಪೇ ಇಲ್ಲ, ಇಂಗಳೀಕ ಹಿಂದಕ್ಕೆ ಕಳಿಸುವುದಾದರೂ ಏನನ್ನು? ಶೇ. 6 ಬೆಚ್ಚನೆ ಬಿಳಿ ಬೆರೆಸಿದರೆ ಅದು ಪರಿಹಾರ. ಇನ್ನೊಂದು ಕಣ್ಣಿನದೇ: ಬೆಳಕು ತೀರ ಇಳಿದಾಗ ಬಣ್ಣ ಕಾಣುವ ಶಂಕುಕೋಶ ಸೋತು ಮಂದ ಬೆಳಕಿಗೆಂದೇ ಇರುವ ದಂಡಕೋಶ ನೋಡತೊಡಗುತ್ತದೆ, ಕಣ್ಣು ಹೆಚ್ಚು ಚುರುಕಾಗಿರುವ ಜಾಗ 555 ನ್ಯಾನೊಮೀಟರಿನಿಂದ 507ಕ್ಕೆ, ಕೆಂಪಿನಿಂದ ಇನ್ನೂ ದೂರಕ್ಕೆ, ಸರಿಯುತ್ತದೆ. ಪುರ್ಕಿನ್ಯೆ ಪರಿಣಾಮ ಎನ್ನುವುದು ಇದನ್ನೇ. ಇಲ್ಲಿ ಚೂರು ಕೆಂಪು ಬೆರೆಸಿ ಲಾಭವಿಲ್ಲ, ಒಟ್ಟು ಮಟ್ಟವನ್ನೇ ಏರಿಸಬೇಕು.

ಇದೇ ಡಿಮ್ಮರ್ ಪೆಟ್ಟಿಗೆಯಲ್ಲಿ ಒಂದು ಆಟವಾಡಿ ನೋಡಿದೆ. ಎಡದಿಂದ ಅಂಬರ್, ಬಲದಿಂದ ಬಿಳಿ, ಎದುರಿಗೆ ಬಿಳಿ ಪಂಚೆ. ಅಂಬರಿಗೆ ಕೈ ಅಡ್ಡ ಹಿಡಿದರೆ ಬೀಳುವ ನೆರಳು ನೀಲಿ! ಅಲ್ಲಿ ಬೀಳುತ್ತಿರುವುದು ಬಿಳಿ ಬೆಳಕು ಮಾತ್ರ; ನೀಲಿ ಎಂಬುದು ಸುತ್ತಲಿನ ಅಂಬರಿಗೆ ಎದುರಾಗಿ ಕಣ್ಣು ಮಾಡಿಕೊಂಡದ್ದು. ರಟ್ಟಿನ ಕೊಳವೆಯಲ್ಲಿ ಆ ನೆರಳನ್ನಷ್ಟೇ ನೋಡುತ್ತ ಅಂಬರ್ ಆರಿಸಿ, ಹೊತ್ತಿಸಿ, ಬಣ್ಣ ಬದಲಾಗುವುದಿಲ್ಲ. ತೆರೆಯ ಹಿಂದಿನ ವೇಷಕ್ಕೆ ಈಗ ನೀಲಿ ರೋಲ್ ಉರಿಸದೆ ಇದನ್ನೇ ಬಳಸುತ್ತಿದ್ದೇನೆ.

ಚಹಾ ವಿರಾಮದ ಟ್ಯೂಬ್‌ಲೈಟ್ ಆರಿಸಿದ ಕೂಡಲೇ ಒಡ್ಡೋಲಗ ಶುರು ಮಾಡಬೇಡಿ. ಶಂಕುಕೋಶಗಳು ಕತ್ತಲೆಗೆ ಹೊಂದಲು ಹತ್ತು ನಿಮಿಷ, ದಂಡಕೋಶಗಳಿಗೆ ಅರ್ಧ ಗಂಟೆ ಬೇಕು. ಮೊದಲ ಐದು ಸೆಕೆಂಡಿನ ಏರಿಕೆ ಯಾರಿಗೂ ಕಾಣದು. ಹಾಗೆಂದು ಅರ್ಧ ಗಂಟೆ ಯಾರೂ ಕಾಯುವುದಿಲ್ಲ. ಭಾಗವತರಿಗೆ ಮೊದಲೇ ಹೇಳಿಟ್ಟು, ಮೂರು ನಿಮಿಷದ ಪದ್ಯದಲ್ಲಿ ಸಭಾಗೃಹದ ದೀಪ ಹಂತಹಂತವಾಗಿ ಇಳಿಸುವುದು, ಆಮೇಲೆ ತೆರೆ.