ಕಕ್ಕಡದ ಮಳೆಯೂ ಮುಚ್ಚಿದ ಕಿಟಕಿಯೂ

ಜೂನ್‌ನಲ್ಲಿ ಮಳೆ ಹಿಡಿದರೆ, ಆಗಸ್ಟ್ ನಡುವಿಗೆ ಮುಗಿಯುವ ಕಕ್ಕಡ ತಿಂಗಳು ಕಳೆಯುವವರೆಗೆ ಕಿಟಕಿಯ ಅಗುಳಿಯನ್ನೇ ತೆಗೆಯದ ಮನೆಗಳು ನಮ್ಮ ಕೊಡಗಿನಲ್ಲಿ ಬಹಳ. ಹಳೆಯ ಹಂಚಿನ ಮನೆಗಳಲ್ಲಿ ಒಲೆಯ ಹೊಗೆ ಹಂಚಿನ ಸಂದಿಗಳಿಂದ ತಾನಾಗಿ ಹೊರಗೆ ಹೋಗುತ್ತಿತ್ತು. ಹಾಗೆಂದು ಆ ಕಾಲವೇ ಚೆನ್ನಾಗಿತ್ತೆಂದು ನಾನು ಹೇಳಲಾರೆ, ಏಕೆಂದರೆ ಒಲೆಯ ಮುಂದೆಯೇ ಆಯುಷ್ಯ ಕಳೆದ ನನ್ನ ಅತ್ತೆಯ ಕೆಮ್ಮನ್ನು ವರ್ಷಗಟ್ಟಲೆ ಕೇಳಿದ್ದೇನೆ. ಈಗಿನ ತಾರಸಿ ಮನೆಗಳಲ್ಲಾದರೋ ಗಾಳಿ ಹೋಗಲು ಸಂದಿಯೇ ಇಲ್ಲ, ನಮ್ಮ ಅಭ್ಯಾಸಗಳು ಮಾತ್ರ ಹಾಗೆಯೇ ಉಳಿದಿವೆ.

ಅವುಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಮಲಗುವ ಕೋಣೆಯಲ್ಲಿ, ಅದರಲ್ಲೂ ಬಾಣಂತಿಯ ಕೋಣೆಯಲ್ಲಿ, ಅಗ್ಗಿಷ್ಟಿಕೆ ಇಡುವುದು. ಹೊಗೆಯಾಡದ ಕೆಂಡದಿಂದ ತೊಂದರೆಯಿಲ್ಲವೆಂಬ ನಂಬಿಕೆ ತಪ್ಪು. ನಿಗಿನಿಗಿ ಉರಿಯುವ ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ದೇಹಕ್ಕೆ ಉಸಿರಿನ ಸಾರವೇ ಸಿಗದಂತೆ ಮಾಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಒಟ್ಟಿಗೆ ಕಾಣಿಸಿಕೊಂಡು, ಹೊರಗೆ ಬಂದೊಡನೆ ಹಗುರವೆನಿಸಿದರೆ ಅದನ್ನು ಶೀತವೆಂದು ತಿಳಿಯದೆ, ಎಲ್ಲರನ್ನೂ ಹೊರಗೆ ಕರೆತಂದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಮಲಗುವ ಮೊದಲು ಕೋಣೆ ಬೆಚ್ಚಗಾಗಲು ಕೆಂಡ ಇಡಲೇಬೇಕೆಂದರೆ ಕಿಟಕಿ ತೆರೆದಿರಲಿ, ಎಚ್ಚರವಿರುವವರೊಬ್ಬರು ಪಕ್ಕದಲ್ಲಿರಲಿ, ನಿದ್ದೆಗೆ ಮುನ್ನ ಅದು ಅಂಗಳಕ್ಕೆ ಹೋಗಲಿ; ಕಂಬಳಿ ಇನ್ನೊಂದು ಹೊದೆಯಬಹುದು. ಬಚ್ಚಲಿನೊಳಗಿನ ಗ್ಯಾಸ್ ಗೀಸರ್‌ಗೂ ಇದೇ ಮಾತು: ಅದನ್ನು ಹೊರಗೋಡೆಗೆ ಹಾಕಿಸಿ.

ಬೂಷ್ಟಿನದು ನಿಧಾನದ ಕಾಟ. ಅದರ ಕಣಗಳು ಉಬ್ಬಸದವರಿಗೂ ಮಕ್ಕಳಿಗೂ ಕೆಡುಕು. ಅದರ ಮೇಲೆ ಸುಣ್ಣ ಬಳಿದರೆ ಕಲೆ ಮರೆಯಾಗುತ್ತದೆ, ತೇವ ಅಲ್ಲಿಯೇ ಇರುತ್ತದೆ. ಒಣ ಪೊರಕೆಯಿಂದ ಕೆರೆದರೆ ಕಣಗಳೆಲ್ಲ ಗಾಳಿಗೆ ಬರುವುದರಿಂದ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸೋರುವ ಜಾಗವನ್ನು ಸರಿಪಡಿಸಬೇಕು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಸರಿಸಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ, ಜಗಲಿಯ ಹಗ್ಗಕ್ಕೆ ಹಾಕಿ. ಎರಡು ದಿನ ತಡವಾದರೂ ಚಿಂತೆಯಿಲ್ಲ. ಮಳೆ ಅರ್ಧ ಗಂಟೆ ಬಿಡುವು ಕೊಟ್ಟರೂ ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದಿಡಿ. ಸೊಳ್ಳೆಬತ್ತಿ ಉರಿಸುವವರು ಅದನ್ನು ಕೋಣೆಯೊಳಗೆ ಬಿಟ್ಟು, ಬಾಗಿಲು ಹಾಕಿ ಮಲಗಬಾರದು. ಸೊಳ್ಳೆಪರದೆ ಕಟ್ಟಿಕೊಂಡರೆ ಹೊಗೆಯೂ ಇಲ್ಲ, ಸೊಳ್ಳೆಯೂ ಇಲ್ಲ.